ಸ್ಟೈನ್‌ಬಾಕ್‌ನ ಸಂಪಾದಕರನ್ನು ಹುಡುಕಿಕೊಂಡು ಐದು ದಿನ

ಮೊದಲ ದಿನ, ಸೋಮವಾರ

ಕೆನಡಾದ ವಿನಿಪೆಗ್‌ನಲ್ಲಿರುವ ಮಗಳ ಮನೆಗೆ ಬಂದು ಮೂರು ವಾರ ಕಳೆದಿದ್ದವು. ಪಕ್ಕದ ಮನೆಯ ವೃದ್ಧೆಯೊಬ್ಬರು, ನಾನು ಮಂಗಳೂರಿನ ಕಡೆಯ ಪತ್ರಿಕೆಗಳಲ್ಲಿ ನಲವತ್ತು ವರ್ಷ ಉಪಸಂಪಾದಕನಾಗಿ ದುಡಿದವನೆಂದು ಮಗಳಿಂದ ಕೇಳಿ ತಿಳಿದು, ಒಂದು ಸಂಜೆ ಬೇಲಿಯ ಮೇಲಿನಿಂದಲೇ ಹಳೆಯ ಪುಸ್ತಕವೊಂದನ್ನು ನನ್ನ ಕೈಗಿತ್ತರು. ಅದು ಮೆನ್ನೊನೈಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಆರ್ನಾಲ್ಡ್ ಡಿಕ್ ಎಂಬ ಲೇಖಕರ ಕಾದಂಬರಿಯ ಇಂಗ್ಲಿಷ್ ಅನುವಾದ. ಉಕ್ರೇನಿನ ಹುಲ್ಲುಗಾವಲಿನ ಹಳ್ಳಿಯೊಂದರಲ್ಲಿ ಬೆಳೆಯುವ ಹಾನ್ಸ್ ಎಂಬ ಹುಡುಗನ ಕಥೆಯನ್ನು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಬರೆದವರು ವಿನಿಪೆಗ್‌ನಿಂದ ಒಂದು ಗಂಟೆಯ ದಾರಿಯಲ್ಲಿರುವ ಸ್ಟೈನ್‌ಬಾಕ್ ಎಂಬ ಊರಿನಲ್ಲಿ 12 ವರ್ಷ ವಾರಪತ್ರಿಕೆಯೊಂದನ್ನು ನಡೆಸಿದ್ದರು ಎಂದು ಪುಸ್ತಕವನ್ನು ಹಿಂದಿರುಗಿಸುವಾಗ ತಿಳಿಯಿತು. ಮಗಳಿಗೆ ಆ ವಾರ ರಜೆಯಿತ್ತು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನು ಆಕೆ ಸಿದ್ಧಪಡಿಸಿಯೇ ಇಟ್ಟಿದ್ದಳು. ನಾನು ಅದನ್ನು ಬದಿಗಿಟ್ಟು ಸ್ಟೈನ್‌ಬಾಕ್‌ಗೆ ಹೋಗೋಣವೆಂದೆ. "ಅಪ್ಪ, ನಯಾಗರಾ ಬಿಟ್ಟು ಯಾರಾದರೂ ಸ್ಟೈನ್‌ಬಾಕ್ ನೋಡುತ್ತಾರಾ?" ಎಂದು ಆಕೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಹೊರಡುವ ಮೊದಲು ನಗರದೊಳಗಿನ ಮೆನ್ನೊನೈಟ್ ಪತ್ರಾಗಾರವನ್ನು ನೋಡುವುದೆಂದು ನಿರ್ಧರಿಸಿದೆವು. ಅದು ಶಾಫ್ಟ್ಸ್‌ಬರಿ ರಸ್ತೆಯಲ್ಲಿ ಕೆನಡಿಯನ್ ಮೆನ್ನೊನೈಟ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವು ಕೋಟೆಯಂತೆ ಕಾಣುವ ಕಲ್ಲಿನ ಕಟ್ಟಡ; ಹಿಂದೆ ಅದು ಕಿವುಡ ಮಕ್ಕಳ ಶಾಲೆಯಾಗಿತ್ತಂತೆ. ಪತ್ರಾಗಾರದಲ್ಲಿ ಪೆನ್ನನ್ನು ತೆಗೆದಿರಿಸಿಕೊಂಡು ಪೆನ್ಸಿಲ್ ಕೊಟ್ಟರು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎರಡು ವರ್ಷ ಕಲಿತ ಜರ್ಮನ್ ನನಗೆ ಅಷ್ಟಿಷ್ಟು ನೆನಪಿತ್ತಾದರೂ, ಮುಂದೆ ಬಂದ ಸಂಪುಟದ ಮೊನಚು ಮೊನಚಾದ ಗಾಥಿಕ್ ಅಕ್ಷರಗಳ ಎದುರು ಮೊದಲ ಅರ್ಧ ಗಂಟೆ ಒಂದನೆಯ ತರಗತಿಯ ಹುಡುಗನಂತೆ ಕುಳಿತಿದ್ದೆ. ಅಲ್ಲಿ 'ಎಸ್' ಅಕ್ಷರ 'ಎಫ್'ನಂತೆ ಕಾಣುತ್ತದೆ. ಸಹಾಯಕ್ಕೆ ಬಂದ ಸ್ವಯಂಸೇವಕರೊಬ್ಬರು ಸಾಲಿನ ಕೆಳಗೆ ಕಾಗದದ ಪಟ್ಟಿಯಿಟ್ಟು ಓದುವುದನ್ನು ಹೇಳಿಕೊಟ್ಟರು. ಗ್ಯಾಲಿ ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ನಾವೂ ಹಾಗೆಯೇ ಮಾಡುತ್ತಿದ್ದೆವು.

ನನ್ನ ಮುಂದಿದ್ದುದು ಡಿಕ್ ಅವರು 1935ರಿಂದ 1938ರವರೆಗೆ ಹೊರಡಿಸಿದ 'ಮೆನ್ನೊನಿಟಿಷೆ ಫೋಲ್ಕ್ಸ್‌ವಾರ್ಟೆ' ಎಂಬ ಸಾಹಿತ್ಯ ಪತ್ರಿಕೆ. 'ವಾರ್ಟೆ' ಎಂದರೆ ಎತ್ತರದ ಕಾವಲುಗೋಪುರ. ಕವಿತೆ, ನೆನಪಿನ ಬರಹ, ರಷ್ಯಾದ ಹಳೆಯ ವಸಾಹತುಗಳ ಚರಿತ್ರೆ, ಚಿತ್ರಗಳು ಎಲ್ಲವೂ ಅದರಲ್ಲಿವೆ. ಫ್ರಿಟ್ಸ್ ಸೆನ್ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಗೆರ್ಹಾರ್ಡ್ ಫ್ರೀಸನ್ ಅವರ ಕವಿತೆಗಳಿಗೆ ಈ ಪತ್ರಿಕೆ ಜಾಗ ಕೊಟ್ಟಿತ್ತು. ಈ ಜನರ ನಡುವೆ ಇಂಥ ಪತ್ರಿಕೆಯೊಂದನ್ನು ಹೊರಡಿಸುವುದು ಎಂಥ ಸಾಹಸವೆಂಬುದು, ಅವರ ಮನೆಗಳಲ್ಲಿ ಬಹುಕಾಲ ಬೈಬಲ್, ಪ್ರಾರ್ಥನಾ ಗೀತೆಗಳ ಪುಸ್ತಕ ಮತ್ತು ಪಂಚಾಂಗವನ್ನು ಬಿಟ್ಟರೆ ಬೇರೆ ಓದು ಕಡಿಮೆಯಿತ್ತು, ಕಟ್ಟುಕಥೆಯೆಂದರೆ ಸುಳ್ಳು ಎಂದು ಭಾವಿಸುವ ಹಿರಿಯರಿದ್ದರು ಎಂಬುದನ್ನು ನೆನೆದರೆ ಮಾತ್ರ ತಿಳಿಯುತ್ತದೆ. ಅದರ ಮೇಲೆ, ಕೆನಡಾದ ಗೋಧಿ ಬಯಲನ್ನು ಬರ ಮತ್ತು ಮಹಾ ಆರ್ಥಿಕ ಕುಸಿತ ಒಟ್ಟಿಗೆ ಹಿಂಡುತ್ತಿದ್ದ ಕಾಲವದು. ಪತ್ರಿಕೆ ನಾಲ್ಕು ವರ್ಷ ನಡೆದದ್ದೇ ನನಗೆ ಆಶ್ಚರ್ಯವೆನಿಸಿತು.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಆ ದಶಕದಲ್ಲಿ ಕೆನಡಾದ ಕೆಲವು ಮೆನ್ನೊನೈಟ್ ಜರ್ಮನ್ ಪತ್ರಿಕೆಗಳಲ್ಲಿ ಹಿಟ್ಲರನ ಜರ್ಮನಿಯನ್ನು ಮೆಚ್ಚುವ ಬರಹಗಳು ಪ್ರಕಟವಾಗಿದ್ದವು. ಸೋವಿಯತ್ ಆಡಳಿತದಲ್ಲಿ ನೊಂದು ಬಂದವರಿಗೆ ಅದರ ಶತ್ರು ತಮ್ಮ ಮಿತ್ರನಂತೆ ಕಂಡಿದ್ದರೆ ಅದರ ಕಾರಣ ಅರ್ಥವಾಗುತ್ತದೆ. ಆದರೆ ಯುದ್ಧವನ್ನೇ ಪಾಪವೆಂದು ನಾಲ್ಕು ಶತಮಾನ ಸಾರಿದ ಜನರ ಪತ್ರಿಕೆಗಳಲ್ಲಿ ಅದನ್ನು ಕಾಣುವುದು ಹಿತವಾದ ಸಂಗತಿಯಲ್ಲ. ಸಂಪಾದಕನೊಬ್ಬನ ಕಾಲವನ್ನು ಅವನ ಸಂಪುಟಗಳಿಂದ ಕತ್ತರಿಸಿ ತೆಗೆಯಲು ಬರುವುದಿಲ್ಲ.

ಎರಡನೆಯ ದಿನ, ಮಂಗಳವಾರ

ರಾತ್ರಿ ಮಳೆ ಸುರಿದಿತ್ತು. ಬೆಳಗ್ಗೆ ಹೆದ್ದಾರಿಯಲ್ಲಿ ನೇರವಾಗಿ ಸ್ಟೈನ್‌ಬಾಕ್‌ಗೆ ಹೋಗದೆ, ದಕ್ಷಿಣಕ್ಕೆ ರೆಡ್ ನದಿಯ ಜಾಡು ಹಿಡಿದು, ರ‍್ಯಾಟ್ ಎಂಬ ಚಿಕ್ಕ ನದಿ ಅದನ್ನು ಸೇರುವ ಜಾಗಕ್ಕೆ ಹೋದೆವು. ಎರಡೂ ಬದಿಗೆ ದಿಗಂತದವರೆಗೆ ಕನೋಲ ಹೂಬಿಟ್ಟು ಹೊಲಗಳು ಅರಿಶಿನ ಬಳಿದಂತಿದ್ದವು. ಕನೋಲ ಸಾಸಿವೆಯದೇ ಕುಲದ ಎಣ್ಣೆಬೀಜ. ಗುಡ್ಡವೆಂಬುದು ಎಲ್ಲಿಯೂ ಇಲ್ಲ. ಪಶ್ಚಿಮ ಘಟ್ಟದ ಬುಡದಲ್ಲಿ ಹುಟ್ಟಿ ಬೆಳೆದ ನನ್ನ ಕಣ್ಣು ಮೊದಲ ದಿನಗಳಲ್ಲಿ ಊರಲು ಏನೂ ಸಿಗದೆ ಅಲೆಯುತ್ತಿತ್ತು.

1874ರ ಆಗಸ್ಟ್ 1ರಂದು 'ಇಂಟರ್‌ನ್ಯಾಷನಲ್' ಎಂಬ ಉಗಿದೋಣಿ ರಷ್ಯಾದಿಂದ ಬಂದ ಮೊದಲ 65 ಮೆನ್ನೊನೈಟ್ ಕುಟುಂಬಗಳನ್ನು ಇಳಿಸಿದ್ದು ಈ ದಡದಲ್ಲಿ. ಅವರ ಕಥೆಗೆ ಮೂಲ ಇನ್ನೂ ಹಿಂದಿದೆ. 16ನೆಯ ಶತಮಾನದಲ್ಲಿ, ಶಿಶುವಿಗಲ್ಲ, ತಿಳಿದು ನಂಬಿದವನಿಗೆ ಮಾತ್ರ ದೀಕ್ಷಾಸ್ನಾನ ಎಂದೂ, ಕ್ರೈಸ್ತನಾದವನು ಆಯುಧ ಹಿಡಿಯಕೂಡದೆಂದೂ ಬೋಧಿಸಿದ ಮೆನ್ನೊ ಸಿಮೊನ್ಸ್ ಎಂಬ ಫ್ರೀಸ್‌ಲ್ಯಾಂಡಿನ ಪಾದ್ರಿಯ ಅನುಯಾಯಿಗಳು ಹಿಂಸೆಗೆ ಹೆದರಿ ನೆದರ್‌ಲ್ಯಾಂಡ್ಸ್‌ನಿಂದ ಪೂರ್ವಕ್ಕೆ ವಿಸ್ಟುಲ ನದಿಯ ಮುಖಜಭೂಮಿಗೆ ಸರಿದರು; ಅಲ್ಲಿಂದ ರಷ್ಯಾದ ರಾಣಿ ಕ್ಯಾಥರೀನಳ ಆಹ್ವಾನದ ಮೇರೆಗೆ 1789ರಲ್ಲಿ ಇಂದಿನ ಉಕ್ರೇನಿನ ನೀಪರ್ ನದಿಯ ಬಳಿ ಖೋರ್ತಿತ್ಸಾ ವಸಾಹತನ್ನು ಕಟ್ಟಿದರು. ನೂರು ವರ್ಷದೊಳಗೆ ಅಲ್ಲಿಯೂ ಕಡ್ಡಾಯ ಸೈನ್ಯಸೇವೆಯ ಮಾತು ಬಂದಾಗ ಸಾವಿರಾರು ಮಂದಿ ಉತ್ತರ ಅಮೆರಿಕಕ್ಕೆ ಹೊರಟರು. ಸುಮಾರು 7,000 ಜನ ವಿನಿಪೆಗ್ ಇರುವ ಮನಿಟೋಬಾ ಪ್ರಾಂತ್ಯಕ್ಕೆ ಬಂದರು. ಸೈನ್ಯಸೇವೆಯಿಂದ ವಿನಾಯಿತಿ, ತಮ್ಮದೇ ಶಾಲೆ, ಉಳುವುದಕ್ಕೆ ಒಟ್ಟಾಗಿ ಭೂಮಿ ಎಂದು ಕೆನಡಾ ಸರ್ಕಾರ ಮಾತು ಕೊಟ್ಟಿತ್ತು. ಆ ಭೂಮಿ ಖಾಲಿ ಬಿದ್ದಿರಲಿಲ್ಲ. ಅದರ ಮೂಲನಿವಾಸಿಗಳೊಂದಿಗೆ ಸರ್ಕಾರ ಮೊದಲನೆಯ ಒಪ್ಪಂದ ಮಾಡಿಕೊಂಡು ಆಗ ಮೂರು ವರ್ಷವಷ್ಟೇ ಆಗಿತ್ತು.

ನದಿಯ ದಡದಿಂದ ಹಿಂದಿರುಗುವಾಗ ನಮ್ಮ ಕಾರು ಕೆಸರಿನಲ್ಲಿ ಹೂತಿತು. ಈ ಕಣಿವೆಯ ಕಪ್ಪು ಜೇಡಿಮಣ್ಣನ್ನು ಇಲ್ಲಿಯವರು 'ಗಂಬೊ' ಎನ್ನುತ್ತಾರೆ. ಧಾರವಾಡದ ಎರೆಮಣ್ಣು ಕಂಡವರಿಗೆ ವಿವರಣೆ ಬೇಕಿಲ್ಲ. ಚಕ್ರ ತಿರುಗಿದಷ್ಟೂ ಮಣ್ಣು ಅದಕ್ಕೆ ಹತ್ತಿಕೊಂಡು ದಪ್ಪವಾಗುತ್ತಿತ್ತೇ ಹೊರತು ಕಾರು ಮುಂದಕ್ಕೆ ಸರಿಯಲಿಲ್ಲ. ದಾರಿಯಲ್ಲಿ ಬಂದ ರೈತರೊಬ್ಬರು ಒಂದೂ ಮಾತನಾಡದೆ ತಮ್ಮ ಪಿಕಪ್ಪಿನ ಹಿಂಬದಿಗೆ ಸರಪಳಿ ಕಟ್ಟಿ ನಮ್ಮನ್ನು ಎಳೆದು ತೆಗೆದರು. ಎಲ್ಲಿಗೆ ಹೊರಟಿರಿ ಎಂದಷ್ಟೇ ಕೊನೆಗೆ ಕೇಳಿದರು. ಸಂಪಾದಕರ ಹೆಸರು ಹೇಳಿದಾಗ ಅವರ ಮುಖದಲ್ಲಿ ನಗು ಮೂಡಿತು. "ಕೋಪ್ ಎನ್ನ್ ಬೂವ," ಎಂದರು. ಅದು ಡಿಕ್ ಅವರು ಸೃಷ್ಟಿಸಿದ ಇಬ್ಬರು ಹಳ್ಳಿಗರ ಹೆಸರು ಎಂದು ನನಗೆ ಗೊತ್ತಿದ್ದರೂ, ಅವರಿಬ್ಬರು ಇಂಥ ರಸ್ತೆಗಳಲ್ಲಿಯೇ ಕಾರು ಓಡಿಸುತ್ತಾ ಟೊರಾಂಟೊಗೆ ಹೋಗಿಬಂದವರು ಎಂಬುದು ಆ ಕ್ಷಣದಲ್ಲಿ ನೆನಪಾಗಿ ನಾನೂ ನಕ್ಕೆ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿದ್ದ ಮಗಳು ಮಾತ್ರ ನಗಲಿಲ್ಲ. ಕತ್ತಲಾಗುವ ಹೊತ್ತಿಗೆ ಸ್ಟೈನ್‌ಬಾಕ್ ಸೇರಿದೆವು.

ಮೂರನೆಯ ದಿನ, ಬುಧವಾರ

ಸ್ಟೈನ್‌ಬಾಕ್ ಎಂದರೆ ಕಲ್ಲುಹಳ್ಳ. 1874ರಲ್ಲಿಯೇ 18 ಕುಟುಂಬಗಳು ಕಟ್ಟಿದ ಈ ಹಳ್ಳಿಗೆ ರಷ್ಯಾದಲ್ಲಿ ಬಿಟ್ಟುಬಂದ ಊರಿನ ಹೆಸರನ್ನೇ ಇಟ್ಟರು. ಸುತ್ತಮುತ್ತಲಿನ ಹಳ್ಳಿಗಳ ಹೆಸರೂ ಹಾಗೆಯೇ. ಡಿಕ್ ಅವರು ಹುಟ್ಟಿದ ಹೋಖ್‌ಫೆಲ್ಡ್ ಎಂಬ ಹೆಸರಿನ ಊರು ಮನಿಟೋಬಾದಲ್ಲಿಯೂ ಇದೆ. ಇಂದು ಸ್ಟೈನ್‌ಬಾಕ್ 17,000ಕ್ಕೂ ಹೆಚ್ಚು ಜನರಿರುವ ಪಟ್ಟಣ, 'ಮೋಟಾರು ನಗರ' ಎಂದು ತನ್ನನ್ನು ಕರೆದುಕೊಳ್ಳುತ್ತದೆ, ಮುಖ್ಯರಸ್ತೆಯುದ್ದಕ್ಕೂ ಕಾರು ಮಾರುವ ಅಂಗಡಿಗಳು.

ಊರಿನ ಉತ್ತರಕ್ಕಿರುವ ಮೆನ್ನೊನೈಟ್ ಪರಂಪರೆ ಗ್ರಾಮವು 1967ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ. ಒಂದೇ ಬೀದಿಯ ಎರಡು ಬದಿಗೆ ಮನೆಗಳಿರುವ ಹಳೆಯ ಹಳ್ಳಿಯ ವಿನ್ಯಾಸವನ್ನೇ ಅಲ್ಲಿ ಅನುಸರಿಸಿದ್ದಾರೆ. ಬಂದವರು ಮೊದಲ ಚಳಿಗಾಲವನ್ನು ಕಳೆದ, ಅರ್ಧ ನೆಲದೊಳಗೆ ಅಗೆದು ಹುಲ್ಲುಮಣ್ಣು ಹೊದಿಸಿದ 'ಸೆಮ್ಲಿನ್' ಗುಡಿಸಲು. ಮನೆಗೂ ಕೊಟ್ಟಿಗೆಗೂ ಒಂದೇ ಸೂರು ಇರುವ ಉದ್ದನೆಯ ಮನೆ. ಶಾಲೆ, ಪ್ರಾರ್ಥನಾ ಮಂದಿರ ಎಲ್ಲ ಇವೆ. ಇಲ್ಲಿನ ದೊಡ್ಡ ಗಾಳಿಗಿರಣಿ 1877ರಲ್ಲಿ ಈ ಊರಿನಲ್ಲಿ ಕಟ್ಟಿದ್ದ ಗಿರಣಿಯೊಂದರ ಪ್ರತಿರೂಪ. 1972ರಲ್ಲಿ ನಿಲ್ಲಿಸಿದ ಅದನ್ನು 2000ದಲ್ಲಿ ಯಾರೋ ಬೆಂಕಿಯಿಟ್ಟು ಸುಟ್ಟರು, ಮರುವರ್ಷವೇ ಮತ್ತೆ ಕಟ್ಟಿದರು. ಮಗಳು ಅದರ ಚಿತ್ರಗಳನ್ನು ತೆಗೆಯುತ್ತಿರುವಾಗ ನಾನು ಮುದ್ರಣಾಲಯದ ಮನೆಯನ್ನು ಹುಡುಕಿಕೊಂಡು ಹೋದೆ.

ಒಳಗೆ ಕಾಲಿಟ್ಟೊಡನೆ ಬಂದ ವಾಸನೆ ನನಗೆ ಪರಿಚಿತವಾಗಿತ್ತು: ಮಸಿ, ಸೀಮೆಎಣ್ಣೆ, ಹಳೆಯ ಕಬ್ಬಿಣ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೊಳೆ ಜೋಡಿಸುವ ಕಂಪೋಸಿಟರುಗಳು ಇನ್ನೂ ಇದ್ದರು. ಕನ್ನಡದ ಒತ್ತಕ್ಷರ ಮುರಿದುಹೋದರೆ ಸಂಪಾದಕರು ಆ ಒತ್ತು ಬಾರದ ಬೇರೆ ಪದ ಹುಡುಕಬೇಕಾಗುತ್ತಿತ್ತು. ಆ ಕಟ್ಟಿಗೆಯ ಖಾನೆಗಳನ್ನು ಮುಟ್ಟಿ ನಿಂತಾಗ, ಡಿಕ್ ಅವರ ದಿನಚರಿ ಹೇಗಿದ್ದಿರಬಹುದೆಂದು ಪುಸ್ತಕಗಳು ಹೇಳದ ರೀತಿಯಲ್ಲಿ ನನ್ನ ಕಣ್ಣೆದುರು ಬಂತು. ಚಿತ್ರಕಾರರಾಗಬೇಕೆಂದು ಹೊರಟವರು ಅವರು. 1889ರಲ್ಲಿ ಖೋರ್ತಿತ್ಸಾದ ಮರಿ ವಸಾಹತಾದ ಯಾಜಿಕೊವೊದ ಹೋಖ್‌ಫೆಲ್ಡ್‌ನಲ್ಲಿ ಹುಟ್ಟಿ, ಖೋರ್ತಿತ್ಸಾದಲ್ಲಿ ಓದಿ, ಮ್ಯೂನಿಕ್‌ವರೆಗೆ ಹೋಗಿ ಚಿತ್ರಕಲೆ ಕಲಿತರು. ಮೊದಲ ಮಹಾಯುದ್ಧ ಬಂತು. ಆಯುಧ ಹಿಡಿಯದ ಅವರ ಜನ ಗಾಯಾಳುಗಳ ಶುಶ್ರೂಷೆಯ ದಳಕ್ಕೆ ಹೋದರು, ಡಿಕ್ ಅವರೂ ಹೋದರು. ಅದರ ಹಿಂದೆಯೇ ಕ್ರಾಂತಿ, ಅಂತರ್ಯುದ್ಧ. 1919ರ ಅಕ್ಟೋಬರಿನಲ್ಲಿ ಅರಾಜಕತಾವಾದಿ ನಾಯಕ ಮಾಖ್ನೊನ ದಂಡು ಅದೇ ಯಾಜಿಕೊವೊ ವಸಾಹತಿನ ಐಖೆನ್‌ಫೆಲ್ಡ್ ಎಂಬ ಹಳ್ಳಿಯಲ್ಲಿ ಒಂದೇ ರಾತ್ರಿ 75ಕ್ಕೂ ಹೆಚ್ಚು ಜನರನ್ನು ಕೊಂದಿತು. ಆಮೇಲೆ ಟೈಫಸ್, ಆಮೇಲೆ ಬರಗಾಲ. 1923ರಲ್ಲಿ ಅವರು ಹೆಂಡತಿಯೊಂದಿಗೆ ಕೆನಡಾಕ್ಕೆ ಹೊರಟರು. ಮರುವರ್ಷ ಸ್ಟೈನ್‌ಬಾಕ್‌ಗೆ ಬಂದು 'ಸ್ಟೈನ್‌ಬಾಕ್ ಪೋಸ್ಟ್' ವಾರಪತ್ರಿಕೆಯನ್ನು ವಹಿಸಿಕೊಂಡರು.

ಮ್ಯೂನಿಕ್‌ನಲ್ಲಿ ಬಣ್ಣ ಕಲಸಿದ ಕೈ ಈ ಹಳ್ಳಿಯಲ್ಲಿ ಮೊಳೆಗಳ ನಡುವೆ ನಿಂತದ್ದನ್ನು ಪತನವೆಂದು ಬರೆಯುವುದು ಸುಲಭ. ನನಗೆ ಹಾಗನಿಸಲಿಲ್ಲ. ಪತ್ರಿಕೆಯ ಹೆಚ್ಚಿನ ಜಾಗವನ್ನು ಓದುಗರ ಪತ್ರಗಳೇ ತುಂಬುತ್ತಿದ್ದವು: ಮಳೆ ಎಷ್ಟಾಯಿತು, ಗೋಧಿ ಹೇಗಿದೆ, ಯಾರ ಮನೆಗೆ ಯಾರು ಬಂದರು, ಯಾರು ತೀರಿಕೊಂಡರು. ನಮ್ಮ ಬಾತ್ಮೀದಾರರಿಂದ ಬರುತ್ತಿದ್ದ ಇಂಥ ಸುದ್ದಿಗಳನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುವುದೇ ನನ್ನ ಕೆಲಸವಾಗಿತ್ತು. ಆದರೆ ಡಿಕ್ ಅವರ ಪತ್ರಿಕೆಯ ಓದುಗರು ಒಂದು ಜಿಲ್ಲೆಯಲ್ಲಿ ಇದ್ದವರಲ್ಲ. 1916ರಲ್ಲಿ ಮನಿಟೋಬಾ ಸರ್ಕಾರ ಇಂಗ್ಲಿಷ್ ಶಾಲೆಯನ್ನು ಕಡ್ಡಾಯ ಮಾಡಿದಾಗ, ಕೊಟ್ಟ ಮಾತು ಮುರಿಯಿತೆಂದು ನೊಂದ ಸಂಪ್ರದಾಯಸ್ಥರಲ್ಲಿ ಸಾವಿರಾರು ಮಂದಿ 1922ರಿಂದ ಮೆಕ್ಸಿಕೊದ ಚಿಹುವಾಹುವಾಕ್ಕೂ, ಆಮೇಲೆ ಪರಾಗ್ವೆಯ ಚಾಕೊ ಕಾಡಿಗೂ ವಲಸೆ ಹೋದರು. ಅವರು ಬಿಟ್ಟುಹೋದ ಹೊಲಗಳಲ್ಲಿ ಕೆಲವನ್ನು ಕೊಂಡವರು ಡಿಕ್ ಅವರಂತೆ ರಷ್ಯಾದಿಂದ ಹೊಸದಾಗಿ ಬಂದವರೇ. ಚಾಕೊದಲ್ಲಿ ಕೂತವನಿಗೆ ಮನಿಟೋಬಾದ ಅಕ್ಕನ ಮನೆಯಲ್ಲಿ ಹಸು ಕರು ಹಾಕಿದ ಸುದ್ದಿ ತಲುಪಬೇಕಾದರೆ ಆ ಪತ್ರಿಕೆಯೇ ದಾರಿ. ನಾನು ಹೊಡೆದುಹಾಕಿದ ಸಾಲುಗಳಲ್ಲಿ ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಯಾವನಾದರೂ ನಮ್ಮೂರ ಹುಡುಗ ಕಾಯುತ್ತಿದ್ದ ಸಾಲು ಎಷ್ಟಿತ್ತೋ!

ಮಧ್ಯಾಹ್ನ ಗ್ರಾಮದ ಉಪಾಹಾರಗೃಹದಲ್ಲಿ ಊಟ. 'ವೆರೆನಿಕಿ' ಎಂಬುದು ನಮ್ಮ ಕರ್ಜಿಕಾಯಿಯ ಆಕಾರದಲ್ಲಿರುವ, ಆದರೆ ಎಣ್ಣೆಯಲ್ಲಿ ಕರಿಯದೆ ನೀರಿನಲ್ಲಿ ಬೇಯಿಸಿದ ಕಡುಬು. ಒಳಗೆ ಗಿಣ್ಣಿನಂಥ ಹೂರಣ, ಮೇಲೆ ಕೆನೆಯ ಗೊಜ್ಜು. ಮಾಂಸದ ತುಂಡನ್ನು ತಟ್ಟೆಯಿಂದ ಹೊರಗಿಡಿಸುವುದಕ್ಕೆ ಎರಡು ಬಾರಿ ಹೇಳಬೇಕಾಯಿತು. ಒಂದರ ಮೇಲೊಂದು ಗುಂಡು ಕೂರಿಸಿದ 'ಟ್ವೀಬಾಕ್' ಎಂಬ ಬನ್ನನ್ನೂ ತಿಂದೆವು. ಅದನ್ನು ಒಣಗಿಸಿ ಹುರಿದು ಚೀಲಗಳಲ್ಲಿ ತುಂಬಿಕೊಂಡು ಅವರು ಸಮುದ್ರ ದಾಟಿದ್ದರು. ತಿಂಗಳುಗಟ್ಟಲೆ ಕೆಡುವುದಿಲ್ಲ.

ನಾಲ್ಕನೆಯ ದಿನ, ಗುರುವಾರ

ಸ್ಟೈನ್‌ಬಾಕ್‌ನಲ್ಲಿ ಡಿಕ್ ಅವರ ಸಮಾಧಿ ಇಲ್ಲ. ಬಾಳಿನ ಕೊನೆಯ ವರ್ಷಗಳನ್ನು ಅವರು ಜರ್ಮನಿಯಲ್ಲಿ ಕಳೆದು 1970ರಲ್ಲಿ ಅಲ್ಲಿಯೇ ತೀರಿಕೊಂಡರು. ಆದ್ದರಿಂದ ಊರಿನ ಹಳೆಯ ರುದ್ರಭೂಮಿಯಲ್ಲಿ ಸುತ್ತಾಡಿದ್ದು ಅವರಿಗಾಗಿಯಲ್ಲ, ಅವರ ಓದುಗರಿಗಾಗಿ ಎಂದು ಹೇಳಬಹುದು. ಕಲ್ಲುಗಳ ಮೇಲೆ ಫ್ರೀಸನ್, ರೈಮರ್, ಪೆನ್ನರ್, ತೆವ್ಸ್ ಎಂಬ ಅವವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ದಿನದ ಮುಖ್ಯ ಕೆಲಸ ಬೇರೆಯಿತ್ತು. ಪಕ್ಕದ ಮನೆಯ ವೃದ್ಧೆ ತಮ್ಮ ನೆಂಟರಾದ ನಿವೃತ್ತ ಶಾಲಾ ಮಾಸ್ತರೊಬ್ಬರಿಗೆ ಫೋನು ಮಾಡಿ ನಾವು ಬರುವುದನ್ನು ತಿಳಿಸಿದ್ದರು. ಎಂಬತ್ತು ದಾಟಿದ ಅವರು ನಮಗಾಗಿ 'ಫಾಸ್ಪ' ಸಿದ್ಧಪಡಿಸಿದ್ದರು. ಭಾನುವಾರದ ಸಂಜೆಯ ಬ್ರೆಡ್ಡು, ಜ್ಯಾಮು, ಕಾಫಿಯ ಆ ಉಪಾಹಾರವನ್ನು ಗುರುವಾರವೇ ಇಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಮೇಜಿನ ಮೇಲೆ ಡಿಕ್ ಅವರ ಸಮಗ್ರ ಕೃತಿಗಳ ನಾಲ್ಕು ಸಂಪುಟಗಳಿದ್ದವು. 1985 ಮತ್ತು 1990ರ ನಡುವೆ ಮನಿಟೋಬಾ ಮೆನ್ನೊನೈಟ್ ಇತಿಹಾಸ ಸಂಘ ಅವನ್ನು ಹೊರತಂದಿದೆ.

ಇಲ್ಲಿ ಭಾಷೆಯ ವಿಷಯವನ್ನು ಬಿಡಿಸಿ ಹೇಳಬೇಕು. ಈ ಜನ ಮನೆಯಲ್ಲಿ ಆಡುವುದು ಪ್ಲಾಟ್‌ಡೀಚ್. ವಿಸ್ಟುಲ ತೀರದಲ್ಲಿ ರೂಢಿಸಿಕೊಂಡ, ಡಚ್ ಮತ್ತು ಆಮೇಲೆ ರಷ್ಯನ್, ಉಕ್ರೇನಿಯನ್ ಪದಗಳನ್ನು ಕೂಡಿಸಿಕೊಂಡ ತಗ್ಗುನಾಡಿನ ಜರ್ಮನ್. ಚರ್ಚು, ಶಾಲೆ, ಪತ್ರಿಕೆಗಳದು ಶಿಷ್ಟ ಜರ್ಮನ್. ಸರ್ಕಾರದ ಭಾಷೆ ಅಲ್ಲಿ ರಷ್ಯನ್, ಇಲ್ಲಿ ಇಂಗ್ಲಿಷ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಎಂಬ ಕ್ರಮದಲ್ಲಿ ಬೆಳೆದ ನನಗೆ ಇದರಲ್ಲಿ ವಿಚಿತ್ರವೆನಿಸುವುದು ಏನೂ ಇರಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರೂ ಊರು ಬಿಟ್ಟು ಬಂದ ಜರ್ಮನ್ ಸಂಪಾದಕರೇ. ತುಳು ಮಾತಾಡುವ ಪೇಟೆಯಲ್ಲಿ ಅವರು ಆರಿಸಿಕೊಂಡದ್ದು ಬರವಣಿಗೆ ಬೇರೂರಿದ್ದ ಕನ್ನಡವನ್ನು. ಡಿಕ್ ಅವರೂ ಸಂಪಾದಕರಾಗಿ ಶಿಷ್ಟ ಜರ್ಮನ್‌ನಲ್ಲಿಯೇ ದುಡಿದರು. 1944ರಿಂದ 1948ರ ನಡುವೆ ಐದು ಭಾಗಗಳಲ್ಲಿ ಬಂದ 'ಫೆರ್ಲೋರೆನ್ ಇನ್ ಡೆರ್ ಸ್ಟೆಪ್ಪೆ' ಆ ಭಾಷೆಯದು. 'ಹುಲ್ಲುಗಾವಲಿನಲ್ಲಿ ಕಳೆದುಹೋಗಿ' ಎಂದು ಅದರ ಅರ್ಥ. ರಷ್ಯಾದ ವಸಾಹತುಗಳ ಚರಿತ್ರೆಯ ಪುಸ್ತಕಗಳನ್ನು ಹೊರತರಲು ಅದೇ 1944ರಲ್ಲಿ ಅವರು ಕಟ್ಟಿದ ಎಖೊ ಪ್ರಕಾಶನದ್ದೂ ಅದೇ ಭಾಷೆ.

ಆದರೆ ಕೋಪ್ ಮತ್ತು ಬೂವ ಶಿಷ್ಟ ಜರ್ಮನ್‌ನಲ್ಲಿ ಬಾಯಿ ತೆರೆಯಲಾರರು. ಅವರು 1870ರ ದಶಕದಲ್ಲಿ ಬಂದವರ ಸಂತತಿಯ ರೈತರು. ಹಿಂದೆ ಬಂದವರನ್ನು 'ಕನಾಡಿಯರ್' ಎಂದೂ, 1923ರ ನಂತರ ಬಂದ ಸುಮಾರು 20,000 ಮಂದಿಯನ್ನು 'ರುಸ್‌ಲೆಂಡರ್' ಎಂದೂ ಕರೆಯುತ್ತಿದ್ದರು. ಹೊಸಬರ ಕಣ್ಣಿಗೆ ಹಳಬರು ಓದುಬರಹ ಸಾಲದ ಹಳ್ಳಿಗರು, ಹಳಬರ ಕಣ್ಣಿಗೆ ಹೊಸಬರು ಸೊಕ್ಕಿನ ನಾಜೂಕುಗಾರರು. ಸ್ವತಃ ರುಸ್‌ಲೆಂಡರ್ ಆದ, ಮ್ಯೂನಿಕ್ ಕಂಡುಬಂದ ಡಿಕ್ ಅವರು ತಮ್ಮ ಹಾಸ್ಯಕ್ಕೆ ಕನಾಡಿಯರನ್ನು ಆರಿಸಿಕೊಂಡರು ಎಂದಾಗ ನನಗೆ ಮೊದಲು ಅನುಮಾನವೇ ಬಂತು. ಮಾಸ್ತರು ಕನಾಡಿಯರ ಮನೆತನದವರು. ಅವರು ಬೂವನ ಪ್ರಯಾಣದ ಒಂದು ಪುಟವನ್ನು ಗಟ್ಟಿಯಾಗಿ ಓದತೊಡಗಿ, ಎರಡನೆಯ ಪ್ಯಾರಾಕ್ಕೇ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮಗೆ ಹೇಳಿ ತಿಳಿಸಲು ನೋಡಿದರು. ಇಂಗ್ಲಿಷಿನಲ್ಲಿ ಅದು ನಗೆ ಬರಿಸುವಂಥದ್ದೇ ಆಗಿರಲಿಲ್ಲ. ಅವರು ಪುಸ್ತಕ ಮುಚ್ಚಿ, "ಇಲ್ಲ, ಆಗುವುದಿಲ್ಲ," ಎಂದರು. ನಿಮ್ಮ ಮನೆಯ ಮಾತಿನಲ್ಲಿ ನಿಮ್ಮವರ ಬಗ್ಗೆಯೇ ಇಷ್ಟು ಸರಿಯಾಗಿ ಬರೆದವನ ಹಾಸ್ಯದಿಂದ ನೋವಾಯಿತೇ ಎಂದು ಮಾಸ್ತರನ್ನು ಕೇಳುವ ಅಗತ್ಯ ಆಮೇಲೆ ನನಗೆ ಉಳಿಯಲಿಲ್ಲ.

ನಾನು ಹೆಚ್ಚು ಹೊತ್ತು ಕೇಳಿದ್ದು ಕಾಗುಣಿತದ ಬಗ್ಗೆ. ಪ್ಲಾಟ್‌ಡೀಚ್‌ಗೆ ಎಲ್ಲರೂ ಒಪ್ಪಿದ ಬರವಣಿಗೆಯ ಕ್ರಮವಿರಲಿಲ್ಲ. ಖೋರ್ತಿತ್ಸಾದ ಕಡೆಯವರು ಒಂದು ರೀತಿ ಆಡಿದರೆ, ರಷ್ಯಾದಲ್ಲಿಯೇ ಇದ್ದ ಮೊಲೋಚ್ನಾ ಎಂಬ ಇನ್ನೊಂದು ವಸಾಹತಿನವರದು ಇನ್ನೊಂದು ರೀತಿ. ಶಿಷ್ಟ ಜರ್ಮನ್‌ನ ಅಕ್ಷರಗಳಲ್ಲಿ ಇಲ್ಲದ ಸ್ವರಗಳು, ಮೃದುವಾದ ವ್ಯಂಜನಗಳು ಈ ಮಾತಿನಲ್ಲಿವೆ. ಡಿಕ್ ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಅದು ಸರಿಯಲ್ಲ, ಬದಲಾಗಬೇಕು ಎಂದು ಮುಂದೆ ಬಂದವರು ವಾದಿಸಿದರು, ಬೇರೆ ಪದ್ಧತಿಗಳು ಬಂದವು. ಮಾಸ್ತರು ಶಾಲೆಯ ಮೇಷ್ಟರಂತೆಯೇ ಕರಿಹಲಗೆಯ ಬದಲು ಕಾಗದದ ಕರವಸ್ತ್ರದ ಮೇಲೆ ಒಂದೇ ಪದವನ್ನು ನಾಲ್ಕು ರೀತಿ ಬರೆದು ತೋರಿಸಿದರು. ನಾನು ಅದರ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ 'ಬತ್ತೆ' ಎಂದು ಬರೆದೆ. ತುಳುವಿನಲ್ಲಿ 'ಯಾನ್ ಬತ್ತೆ' ಎಂದರೆ ನಾನು ಬಂದೆ, 'ಆಯೆ ಬತ್ತೆ' ಎಂದರೆ ಅವನು ಬಂದ. ಆಡುವಾಗ ಕೊನೆಯ ಸ್ವರ ಬೇರೆ ಬೇರೆ, ಬರೆಯುವಾಗ ಎರಡೂ ಒಂದೇ. ಎರಡನ್ನೂ ಉಚ್ಚರಿಸಿ ತೋರಿಸಿದೆ. ಅವರು ತಲೆ ಓರೆ ಮಾಡಿ ಕೇಳಿ, ನನ್ನಿಂದ ಮೂರು ಬಾರಿ ಹೇಳಿಸಿಕೊಂಡು, ವ್ಯತ್ಯಾಸ ಹಿಡಿದರು.

ಹೊರಡುವಾಗ ಇನ್ನೊಂದು ಪ್ರಶ್ನೆ ಉಳಿದಿತ್ತು. ಹಾನ್ಸ್‌ನ ಕಥೆ ಐದು ಭಾಗ ಬೆಳೆದರೂ ಹುಡುಗನ ಬಾಲ್ಯ, ಶಾಲೆಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 1919 ಅದರಲ್ಲಿ ಬರುವುದಿಲ್ಲ. ಏಕೆ ಎಂದು ಕೇಳಿದೆ. ಮಾಸ್ತರು ಬಾಗಿಲಲ್ಲಿ ನಿಂತು, ತಮ್ಮ ಅತ್ತೆಯೂ ಯಾಜಿಕೊವೊ ವಸಾಹತಿನವರೆಂದೂ, ಅರವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಆಕೆ ಆ ಅಕ್ಟೋಬರಿನ ಬಗ್ಗೆ ಒಂದು ಮಾತು ಆಡಿದ್ದನ್ನು ತಾವು ಕೇಳಿಲ್ಲವೆಂದೂ ಹೇಳಿದರು.

ಐದನೆಯ ದಿನ, ಶುಕ್ರವಾರ

ಹಿಂದಿರುಗುವಾಗ ಹೆದ್ದಾರಿಯ ಬದಿಯಲ್ಲಿ, ಕೆನಡಾದ ಪೂರ್ವಪಶ್ಚಿಮಗಳ ನಡುಬಿಂದು ಇದೇ ಎಂದು ಸಾರುವ ಫಲಕದ ಮುಂದೆ ಮಗಳು ಫೋಟೊ ತೆಗೆದಳು. ವಿನಿಪೆಗ್ ಸೇರಿದ ಮೇಲೆ ಹಿಗಿನ್ಸ್ ಅವೆನ್ಯೂದಲ್ಲಿರುವ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಹಳೆಯ ನಿಲ್ದಾಣಕ್ಕೆ ಹೋದೆವು. 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಈ ಕಟ್ಟಡದ ಮೂಲಕವೇ ಪಶ್ಚಿಮದ ಬಯಲಿಗೆ ಹೊರಟ ಲಕ್ಷಾಂತರ ವಲಸಿಗರು ಹಾದುಹೋದರು. 1920ರ ದಶಕದ ಮೆನ್ನೊನೈಟರಲ್ಲಿ ಹೆಚ್ಚಿನವರ ಕೈಯಲ್ಲಿ ಟಿಕೆಟ್ಟಿನ ಹಣವೇ ಇರಲಿಲ್ಲ. ಈ ರೈಲ್ವೆ ಕಂಪನಿ ಅವರನ್ನು ಸಾಲದ ಮೇಲೆ ಕರೆತಂದಿತು. ರೋಸ್ಥರ್ನ್ ಎಂಬ ಊರಿನ ಹಿರಿಯ ಡೇವಿಡ್ ತೆವ್ಸ್ ಆ ಸಾಲದ ಹೊಣೆ ಹೊತ್ತರು. ಸುಮಾರು 17 ಲಕ್ಷ ಡಾಲರಿನ ಅಸಲು ಬಡ್ಡಿಯೊಂದಿಗೆ ಬೆಳೆಯಿತು, ಕಂಪನಿ ಬಡ್ಡಿಯಲ್ಲಿ ಬಹಳಷ್ಟನ್ನು ಬಿಟ್ಟುಕೊಟ್ಟಿತು, ಎಲ್ಲ ತೀರಿದ್ದು 1946ರಲ್ಲಿ. ಸಾಲದ ಕಂತನ್ನು ನೆನಪಿಸುವ ಪ್ರಕಟಣೆಗಳು ಆ ಎರಡು ದಶಕ ಅವರ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು.

ಈಗ ಇಲ್ಲಿ ರೈಲು ನಿಲ್ಲುವುದಿಲ್ಲ. ಕಟ್ಟಡ ಮೂಲನಿವಾಸಿಗಳ ಕೇಂದ್ರವಾಗಿದೆ; ಪ್ರಯಾಣಿಕರು ಕಾಯುತ್ತಿದ್ದ ಎತ್ತರದ ಕಂಬಗಳ ಆವರಣದಲ್ಲಿ ಕೆಲಸ ಕಲಿಯಲು ಬಂದ ಯುವಕರು ಮೆಟ್ಟಿಲ ಮೇಲೆ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಪಾರ್ಕಿಂಗಿನ ಅವಧಿ ಮುಗಿಯಿತೆಂದು ಮಗಳು ಹೊರಗಿನಿಂದ ಫೋನು ಮಾಡಿದಳು.

ಸಂಜೆ ಪಕ್ಕದ ಮನೆಯ ವೃದ್ಧೆಗೆ, ಮಾಸ್ತರು ಕೊಟ್ಟುಕಳುಹಿಸಿದ ಟ್ವೀಬಾಕ್‌ನ ಪೊಟ್ಟಣವನ್ನು ತಲುಪಿಸಿದೆ. ಆಮೇಲೆ ಪುತ್ತೂರಿನಲ್ಲಿರುವ ಹಳೆಯ ಸಹೋದ್ಯೋಗಿಗೆ ಪತ್ರ ಬರೆಯಲು ಕುಳಿತೆ. ನಾವಿಬ್ಬರೂ ನಲವತ್ತು ವರ್ಷ ತುಳುವಿನಲ್ಲಿ ಮಾತನಾಡಿ ಕನ್ನಡದಲ್ಲಿ ಪತ್ರ ಬರೆದುಕೊಂಡವರು. ಈ ಬಾರಿ 'ಮುಲ್ಪ ಇನಿ ಬರ್ಸ ಇಜ್ಜಿ' ಎಂದು ಶುರುಮಾಡಿದೆ, ಇಲ್ಲಿ ಇಂದು ಮಳೆಯಿಲ್ಲ ಎಂದು. ಮುಂದೆ ಕನೋಲದ ಬೆಳೆ, ಕೆಸರು, ಮೊಮ್ಮಗನ ಶೀತ. ಸ್ಟೈನ್‌ಬಾಕ್‌ಗೆ ಹೋಗಿ ಬಂದೆ ಎಂಬ ಸಾಲಿಗೆ ಬಂದಾಗ 'ಬತ್ತೆ' ಎಂದು ಬರೆದು, ಕೊನೆಯ ಸ್ವರದ ಮೇಲೆ ಒಂದು ಚುಕ್ಕೆ ಇಟ್ಟೆ, ಅದನ್ನು ಅಳಿಸಿ ಅಡ್ಡಗೆರೆ ಎಳೆದೆ, ಅದನ್ನೂ ಅಳಿಸಿದೆ.

"ಯಾರಪ್ಪಾ ಬಂದದ್ದು, ನೀವಾ, ಅವನಾ?" ಎಂದು ಹಿಂದೆ ನಿಂತು ಓದುತ್ತಿದ್ದ ಮಗಳು ಕೇಳಿದಳು.